ಮರುಭೂಮಿಯ ಕಮರಿಗೆ ಮನೆಯ ಸಮೇತ ಪಯಣ

ಬಾಳೆಲೆ: ಮಕ್ಕಳು ಅಮೆರಿಕದಲ್ಲಿ ನೆಲೆಸಿರುವ ಮನೆಗಳು ದಕ್ಷಿಣ ಕೊಡಗಿನಲ್ಲಿ ಈಗ ಅಪರೂಪವಲ್ಲ. ತಂದೆ ತಾಯಿ ಅಲ್ಲಿಗೆ ಹೋದಾಗ ‘ಗ್ರ್ಯಾಂಡ್ ಕ್ಯಾನಿಯನ್ ತೋರಿಸುತ್ತೇವೆ, ಮೋಟಾರ್‌ಹೋಮ್ ಬಾಡಿಗೆಗೆ ಹಿಡಿಯೋಣ’ ಎಂಬ ಮಾತು ಒಮ್ಮೆಯಾದರೂ ಬರುತ್ತದೆ. ನಾಗರಹೊಳೆಯ ಅಂಚಿನಲ್ಲಿ ಬಾಳಿದವರಿಗೆ ರಾಷ್ಟ್ರೀಯ ಉದ್ಯಾನ ಹೊಸದೇನಲ್ಲ. ಆದರೆ ಸಂಜೆ 6ರಿಂದ ಬೆಳಿಗ್ಗೆ 6ರವರೆಗೆ ರಸ್ತೆಯನ್ನೇ ಮುಚ್ಚುವ ನಾಗರಹೊಳೆಗೂ, ವಾಹನದಲ್ಲಿಯೇ ಮಲಗಿ ರಾತ್ರಿ ಕಳೆಯಬಹುದಾದ ಅರಿಜೋನಾದ ಉದ್ಯಾನಕ್ಕೂ ಅಜಗಜಾಂತರ. ಇಲ್ಲಿ ಆನೆಗೆ ಅಂಜುತ್ತೇವೆ. ಅಲ್ಲಿ ಅಂಜಬೇಕಾದದ್ದು ಬಿಸಿಲಿಗೆ ಮತ್ತು ನೀರಿನ ಅಭಾವಕ್ಕೆ.

ಏನಿದು ಮೋಟಾರ್‌ಹೋಮ್?

ಎಂಜಿನ್, ಅಡುಗೆಮನೆ, ಹಾಸಿಗೆ, ಶೌಚಾಲಯ ಎಲ್ಲವೂ ಒಂದೇ ಚಾಸಿಯ ಮೇಲಿರುವ ವಾಹನವಿದು. ಕುಟುಂಬಗಳು ಹೆಚ್ಚಾಗಿ ಆರಿಸುವುದು ‘ಸಿ’ ವರ್ಗದ್ದನ್ನು. ಚಾಲಕನ ತಲೆಯ ಮೇಲ್ಭಾಗದಲ್ಲಿಯೂ ಒಂದು ಹಾಸಿಗೆ ಇರುವುದು ಇದರ ಗುರುತು. ವಾಹನ ಚಲಿಸುವಾಗ ಎಲ್ಲರೂ ಬೆಲ್ಟ್ ಬಿಗಿದು ಕುಳಿತಿರಬೇಕು. ಓಡುವ ಗಾಡಿಯಲ್ಲಿ ಅಕ್ಕಿರೊಟ್ಟಿ ಬೇಯಿಸಬಹುದೆಂಬ ಕಲ್ಪನೆಯನ್ನು ಊರಲ್ಲಿಯೇ ಬಿಟ್ಟು ಹೋಗುವುದು ಲೇಸು. ಇಳಿಜಾರಿನಲ್ಲಿ ಬ್ರೇಕನ್ನೇ ನಂಬದೆ ಕೆಳ ಗೇರಿನಲ್ಲಿ ಇಳಿಯಬೇಕು. ಮಾಕುಟ್ಟ ಘಾಟಿ ಇಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಗಾಡಿಯ ಹೊಟ್ಟೆಯಲ್ಲಿ ಮೂರು ತೊಟ್ಟಿಗಳಿರುತ್ತವೆ. ಒಂದು ಶುದ್ಧ ನೀರಿಗೆ, ಇನ್ನೊಂದು ಸ್ನಾನ ಹಾಗೂ ಪಾತ್ರೆ ತೊಳೆದ ನೀರಿಗೆ, ಮೂರನೆಯದು ಶೌಚಾಲಯಕ್ಕೆ. ಕೊನೆಯ ಎರಡನ್ನು ನಿಗದಿತ ಸ್ಥಳದಲ್ಲಿ ಮಾತ್ರ ಖಾಲಿ ಮಾಡಬೇಕು. ಮೊದಲು ಶೌಚಾಲಯದ ತೊಟ್ಟಿ, ಬಳಿಕ ಸ್ನಾನದ ನೀರಿನದು. ಆಗ ಎರಡನೆಯದರ ನೀರು ಕೊಳವೆಯನ್ನು ತೊಳೆಯುತ್ತದೆ.

ಉದ್ಯಾನದ ದಕ್ಷಿಣ ಅಂಚಿನಲ್ಲಿ ತಂಗಲು ಮುಖ್ಯವಾಗಿ ಎರಡು ತಾಣಗಳಿವೆ. ಟ್ರೈಲರ್ ವಿಲೇಜ್‌ನಲ್ಲಿ ನೀರು, ವಿದ್ಯುತ್, ಒಳಚರಂಡಿ ಮೂರೂ ಸಂಪರ್ಕಗಳು ದೊರೆಯುತ್ತವೆ. ಮಾಥರ್ ಶಿಬಿರದಲ್ಲಿ ಸಂಪರ್ಕಗಳಿಲ್ಲ. 30 ಅಡಿಗಿಂತ ಉದ್ದದ ವಾಹನಕ್ಕೆ ಪ್ರವೇಶವೂ ಇಲ್ಲ. ಬಾಡಿಗೆಗೆ ಹಿಡಿಯುವ ಮುನ್ನ ಗಾಡಿಯ ಉದ್ದ ಕೇಳಿಕೊಳ್ಳಬೇಕಾದದ್ದು ಇದಕ್ಕಾಗಿಯೇ. ಮಾಥರ್ ಸ್ಥಳಗಳನ್ನು ಆರು ತಿಂಗಳು ಮುಂಚಿತವಾಗಿ ಕಾದಿರಿಸಬಹುದು. ಊರೊಳಗೆ ಓಡಾಡಲು ಉಚಿತ ಬಸ್ಸುಗಳಿರುವುದರಿಂದ ದೊಡ್ಡ ಗಾಡಿಯನ್ನು ನಿಲ್ಲಿಸಿಬಿಡುವುದೇ ಜಾಣತನ.

ನೀರು ಬರುವುದೆಲ್ಲಿಂದ?

446 ಕಿ.ಮೀ. ಉದ್ದ, ಒಂದೂವರೆ ಕಿ.ಮೀ.ಗೂ ಹೆಚ್ಚು ಆಳದ ಈ ಕಮರಿಯ ತಳದಲ್ಲಿ ಕೊಲರಾಡೊ ನದಿ ಹರಿಯುತ್ತದೆ. ಆದರೂ ಮೇಲಿನ ಅಂಚು ಒಣನೆಲ. ಉತ್ತರ ಅಂಚಿನ ಕೆಳಗಿನ ರೋರಿಂಗ್ ಸ್ಪ್ರಿಂಗ್ಸ್ ಎಂಬ ಚಿಲುಮೆಯಿಂದ, 1960ರ ದಶಕದಲ್ಲಿ ನಿರ್ಮಾಣ ಆರಂಭವಾದ ಕೊಳವೆಯ ಮೂಲಕ, ಕಮರಿಯನ್ನೇ ದಾಟಿ ದಕ್ಷಿಣ ಅಂಚಿಗೆ ನೀರು ಬರುತ್ತದೆ. ಈ ಹಳೆಯ ಕೊಳವೆ ಪದೇ ಪದೇ ಒಡೆಯುತ್ತದೆ. 2024ರ ಆಗಸ್ಟ್ ಕೊನೆಯಲ್ಲಿ ಹಲವೆಡೆ ಒಡೆದಾಗ ದಕ್ಷಿಣ ಅಂಚಿನ ವಸತಿಗೃಹಗಳಲ್ಲಿ ರಾತ್ರಿ ವಾಸ್ತವ್ಯವನ್ನೇ ಕೆಲ ದಿನ ನಿಲ್ಲಿಸಲಾಯಿತು. ಆದ್ದರಿಂದ ವಿಲಿಯಮ್ಸ್ ಅಥವಾ ಫ್ಲ್ಯಾಗ್‌ಸ್ಟಾಫ್‌ನಲ್ಲಿಯೇ ತೊಟ್ಟಿ ತುಂಬಿಸಿಕೊಂಡು ಹೊರಡಬೇಕು.

ಹಿರಿಯರ ವಿಷಯದಲ್ಲಿ ಇನ್ನಷ್ಟು ಎಚ್ಚರ ಬೇಕು. ದಕ್ಷಿಣ ಅಂಚು ಸುಮಾರು 2,100 ಮೀಟರ್ ಎತ್ತರದಲ್ಲಿದೆ. ತಡಿಯಂಡಮೋಳ್ (1,748) ಇರಲಿ, ಮುಳ್ಳಯ್ಯನಗಿರಿಗಿಂತಲೂ (1,930) ಎತ್ತರ. ನಾಲ್ಕು ಹೆಜ್ಜೆಗೇ ಏದುಸಿರು ಬಂದರೆ ಗಾಬರಿ ಬೇಡ, ಆದರೆ ಹೃದ್ರೋಗಿಗಳು ವೈದ್ಯರನ್ನು ಕೇಳಿಯೇ ಹೋಗಬೇಕು. ಬೇಸಿಗೆಯಲ್ಲಿ ಅಂಚು ಹಿತವಾಗಿದ್ದರೂ ತಳದಲ್ಲಿ ಉಷ್ಣಾಂಶ 40 ಡಿಗ್ರಿ ದಾಟುತ್ತದೆ. ಇಳಿಯುವುದು ಮೊದಲು, ಏರುವುದು ಆಮೇಲೆ; ನಮ್ಮ ಬೆಟ್ಟಗಳ ಕ್ರಮ ಇಲ್ಲಿ ತಲೆಕೆಳಗು. ಸುಲಭವಾಗಿ ಇಳಿದವರು ದಣಿದ ಕಾಲುಗಳಲ್ಲಿ, ಸುಡುಬಿಸಿಲಿನಲ್ಲಿ ಏರಬೇಕಾಗುತ್ತದೆ. ಬೇಸಿಗೆಯಲ್ಲಿ ಬೆಳಿಗ್ಗೆ 10ರಿಂದ ಸಂಜೆ 4ರವರೆಗೆ ಕಮರಿಯೊಳಗೆ ನಡೆಯಬಾರದೆಂಬುದು ಉದ್ಯಾನದವರ ಸೂಚನೆ. ಒಣಗಾಳಿಯಲ್ಲಿ ಬೆವರು ಕಣ್ಣಿಗೆ ಕಾಣುವ ಮೊದಲೇ ಆರಿಹೋಗುತ್ತದೆ. ಬರಿಯ ನೀರನ್ನೇ ಕುಡಿಯುತ್ತಾ ಹೋದರೆ ರಕ್ತದಲ್ಲಿ ಸೋಡಿಯಂ ಕುಸಿಯುವ ಅಪಾಯವೂ ಇದೆ. ಉಪ್ಪು ಬೆರೆಸಿದ ನಿಂಬೆ ಶರಬತ್ತು, ಖಾರ ತಿನಿಸು ಜೊತೆಗಿರಲಿ.

ಮಳೆಯ ಮಾತು ಬೇರೆಯೇ. ಲಕ್ಷ್ಮಣತೀರ್ಥ ಉಕ್ಕುವ ಮುನ್ನ ಬಾಳೆಲೆಯಲ್ಲಿ ದಿನಗಟ್ಟಲೆ ಮಳೆ ಸುರಿದಿರುತ್ತದೆ. ಮರುಭೂಮಿಯಲ್ಲಿ ಅಂಥ ಮುನ್ಸೂಚನೆ ಇರುವುದಿಲ್ಲ. 1997ರ ಆಗಸ್ಟ್ 12ರಂದು ಪೇಜ್ ಪಟ್ಟಣದ ಬಳಿಯ ಆಂಟಿಲೋಪ್ ಕಮರಿಯಲ್ಲಿ, ದೂರದ ಮೇಲ್ಭಾಗದಲ್ಲಿ ಸುರಿದ ಮಳೆಯ ನೀರು ಏಕಾಏಕಿ ನುಗ್ಗಿ 11 ಪ್ರವಾಸಿಗರು ಮೃತಪಟ್ಟರು. ಅಲ್ಲಿ ಜುಲೈನಿಂದ ಸೆಪ್ಟೆಂಬರ್ ಮಧ್ಯದವರೆಗೆ ಇಂಥ ಮಳೆಗಾಲ. ಕೊಡಗಿನ ತೋಟದವರಿಗೆ ಬಿಡುವು ಸಿಗುವುದೂ ಆಗಲೇ ಎಂಬುದು ವಿಪರ್ಯಾಸ. ಕೈಲ್‌ಪೊಳ್ದ್ ಮುಗಿಸಿ ಹೊರಟು, ಸೆಪ್ಟೆಂಬರ್ ಕೊನೆಯಲ್ಲಿ ಕಮರಿ ನೋಡಿ, ಕಾವೇರಿ ಸಂಕ್ರಮಣದ ಹೊತ್ತಿಗೆ ಮರಳುವುದು ನಮ್ಮ ದೃಷ್ಟಿಯಲ್ಲಿ ಉತ್ತಮ ಕಾಲ. ರಾತ್ರಿಗೆ ಸ್ವೆಟರ್ ಬೇಕು.

ಕಮರಿಯ ಶಿಖರಗಳಿಗೆ ‘ವಿಷ್ಣು ಟೆಂಪಲ್’, ‘ಶಿವ ಟೆಂಪಲ್’ ಎಂಬ ಹೆಸರುಗಳಿರುವುದನ್ನು ಕಂಡು ನಮ್ಮವರು ಬೆರಗಾಗುತ್ತಾರೆ. ಗುಡಿಗಳೇನೂ ಇಲ್ಲ, 1880ರ ದಶಕದಲ್ಲಿ ಭೂವಿಜ್ಞಾನಿ ಕ್ಲಾರೆನ್ಸ್ ಡಟನ್ ಬಂಡೆಗಳ ಆಕಾರಕ್ಕೆ ಮಾರುಹೋಗಿ ಇಟ್ಟ ಹೆಸರುಗಳಿವು. ತಳದ ಸುಮಾರು 170 ಕೋಟಿ ವರ್ಷ ಹಳೆಯ ಶಿಲೆಗೂ ವಿಷ್ಣುವಿನದೇ ಹೆಸರು.

ಖರ್ಚಿನಲ್ಲಿ ಒಂದು ಹೊಸ ಬಾಬ್ತು ಸೇರಿದೆ. ಪ್ರತಿ ವಾಹನಕ್ಕೆ ಏಳು ದಿನಗಳಿಗೆ 35 ಡಾಲರ್ ಪ್ರವೇಶ ಶುಲ್ಕವಿದೆ. 2026ರ ಜನವರಿ 1ರಿಂದ ವಾರ್ಷಿಕ ಪಾಸ್ ಇಲ್ಲದ, 16 ವರ್ಷ ದಾಟಿದ ವಿದೇಶಿ ಪ್ರವಾಸಿಗರು ತಲಾ 100 ಡಾಲರ್ ಹೆಚ್ಚುವರಿ ತೆರಬೇಕು. ವಿದೇಶಿಯರ ವಾರ್ಷಿಕ ಪಾಸಿನ ದರ 250 ಡಾಲರ್. ಗ್ರ್ಯಾಂಡ್ ಕ್ಯಾನಿಯನ್ ಜೊತೆಗೆ ಜಯಾನ್, ಬ್ರೈಸ್ ಕಮರಿಗಳನ್ನೂ ನೋಡುವ ಯೋಜನೆಯಿದ್ದರೆ ಪಾಸೇ ಅಗ್ಗ.