ಉಪ್ಪು ಹೇಳುವ ನೀರಿನ ಲೆಕ್ಕ

ಬುಗುಡನಹಳ್ಳಿಯಿಂದ ತುಮಕೂರಿಗೆ ಹೇಮಾವತಿ ನೀರು ಬರುತ್ತದಲ್ಲ, ಅಂಥ ದೊಡ್ಡ ಪೈಪಿನ ಹರಿವನ್ನು ಮೀಟರ್ ಕೂರಿಸದೆ ಅಳೆಯಬಹುದೇ? (ಓದುಗರು, ಗುಬ್ಬಿ)

ಅಳೆಯಬಹುದು, ಉಪ್ಪಿನಿಂದ. ಸೆಕೆಂಡಿಗೆ 10 ಗ್ರಾಂ ಉಪ್ಪು ಬೀಳುವಂತೆ ಪೈಪಿಗೆ ಒಂದೇ ಸಮನೆ ಉಪ್ಪುನೀರು ಬಿಡಬೇಕು. ಬಹಳ ಮುಂದೆ ನೀರು ಹಿಡಿದು ನೋಡಿದಾಗ ಲೀಟರಿಗೆ 0.1 ಗ್ರಾಂ ಉಪ್ಪು ಹೆಚ್ಚಿದ್ದರೆ, ಸೆಕೆಂಡಿಗೆ 100 ಲೀಟರ್ ಹರಿಯುತ್ತಿದೆ ಎಂದರ್ಥ. ಲೆಕ್ಕ ಇಷ್ಟೇ.

ಕಷ್ಟವಿರುವುದು ಬೆರೆಯುವುದರಲ್ಲಿ. ಸಾರಿಗೆ ಉಪ್ಪು ಹಾಕಿ ಸೌಟಾಡಿಸದಿದ್ದರೆ ಮೇಲೆಲ್ಲ ಸಪ್ಪೆ, ತಳದಲ್ಲಿ ಉಪ್ಪುಪ್ಪು. ಪೈಪಿನಲ್ಲೂ ಹಾಗೆಯೇ, ಉಪ್ಪುನೀರು ಭಾರ, ತಳ ಹಿಡಿದು ಸಾಗಬಹುದು. ಅಲ್ಲಿ ಸುಳಿಗಳೇ ಸೌಟು. ನೇರ ಪೈಪಿನಲ್ಲಿ ಪೂರ್ತಿ ಬೆರೆಯಲು ಪೈಪಿನ ಅಗಲದ 100 ಪಟ್ಟು ಅಥವಾ ಇನ್ನೂ ಹೆಚ್ಚು ದೂರ ಬೇಕಾಗಬಹುದು. ಪಂಪಿಗೆ ಮೊದಲೇ ಉಪ್ಪು ಬಿಟ್ಟರೆ ಅದರ ಚಕ್ರವೇ ಕಡೆದುಬಿಡುತ್ತದೆ. ನನಗಂತೂ ಇದೇ ಜಾಣ ದಾರಿ. ಪೈಪಿನ ಮೇಲಿಂದ, ಕೆಳಗಿಂದ ತೆಗೆದ ನೀರಿನಲ್ಲಿ ಉಪ್ಪು ಒಂದೇ ಸಮ ಇದ್ದರೆ ಅಳತೆ ನಂಬಬಹುದು.