ಕಾವಲಿನ ಅಜ್ಜನ ಹತ್ರ ಕೂತು ಕಲಿಯೋ ಪಾಠ

ಕಡೂರು, ತರೀಕೆರೆ, ಅಜ್ಜಂಪುರದ ಹೈಸ್ಕೂಲ್ ಮಕ್ಕಳೇ, ಜನರ ಬದುಕನ್ನ ಅವರ ಜೊತೆಗೇ ಇದ್ದು ತಿಳಿಯೋ ವಿದ್ಯೆ ಒಂದಿದೆ. ಅದೇ ಮಾನವಶಾಸ್ತ್ರ.

ಮೈಸೂರಿನ ಮಾನವಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ 1948ರಲ್ಲಿ ಕೊಡಗಹಳ್ಳಿಗೆ ಹೋಗಿ, ಪಟೇಲರ ಎತ್ತಿನ ಮನೆಯಲ್ಲೇ ಉಳಿದ್ರು. ಜನ ಹೇಳಿದ್ದನ್ನೆಲ್ಲ ಬರ್ಕೊಂಡ್ರು. ಆ ಟಿಪ್ಪಣಿಗಳನ್ನ ತಿದ್ದಿ ಜೋಡಿಸಿದ ಪ್ರತಿಗಳು 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಸುಟ್ಟುಹೋದವು. ಅವರು ಕೈಚೆಲ್ಲಿ ಕೂರಲಿಲ್ಲ. ಹೆಚ್ಚಾಗಿ ನೆನಪಿನಿಂದಲೇ ಬರೆದ ಪುಸ್ತಕ 1976ರಲ್ಲಿ ಹೊರಬಂತು. ಎಂಥಾ ಛಲ ನೋಡಿ!

ಈಗ ನಿಮ್ಮೂರು. ಅಜ್ಜಂಪುರದಲ್ಲಿ ಅಮೃತ್ ಮಹಲ್ ದನಗಳ ತಳಿ ಸಂವರ್ಧನಾ ಕೇಂದ್ರ ಇದೆ. ಮೈಸೂರು ಅರಸರ ದನಗಳ ಇಲಾಖೆ ‘ಬೆಣ್ಣೆ ಚಾವಡಿ’ಗೆ ಅಮೃತ್ ಮಹಲ್ ಅಂತ ಹೆಸರಿಟ್ಟಿದ್ದು ಟಿಪ್ಪು ಸುಲ್ತಾನ್. ಇಷ್ಟು ಪುಸ್ತಕದಲ್ಲಿ ಸಿಗುತ್ತೆ. ಆದರೆ ಕಾವಲಿನಲ್ಲಿ ದನ ಕಾಯೋ ಅಜ್ಜ ಇಡೀ ಮಂದೆಯಲ್ಲಿ ಒಂದು ಕರುವನ್ನ ಹೇಗೆ ಗುರುತು ಹಿಡೀತಾರೆ? ಅದನ್ನ ಅವರೇ ಹೇಳಬೇಕು.

ಮೊದಲು ಒಪ್ಪಿಗೆ ಕೇಳಿ. ಅವರ ಮಾತನ್ನ ಅವರ ಮಾತಲ್ಲೇ ಬರೀರಿ, ತಿದ್ದಬೇಡಿ. ಮನೆತನದ ನಕ್ಷೆ ಬಿಡಿಸಿ: ಗಂಡಿಗೆ ತ್ರಿಕೋನ, ಹೆಣ್ಣಿಗೆ ವೃತ್ತ, ಮದುವೆಗೆ ಎರಡು ಅಡ್ಡಗೆರೆ.

ಆಮೇಲೆ ನೋಟ್‌ಬುಕ್ ಬದಲಾಯಿಸ್ಕೊಳ್ಳಿ. ತರೀಕೆರೆ ಕಡೆಯ ತಾಂಡಾದ ಹುಡುಗಿ ಬರೆದದ್ದನ್ನ ಕಡೂರು ಪೇಟೆ ಹುಡುಗ ಓದಲಿ, ಪ್ರಶ್ನೆ ಕೇಳಲಿ. ನಿಜವಾದ ಕಲಿಕೆ ಶುರುವಾಗೋದೇ ಅಲ್ಲಿ.

ಮೇಷ್ಟ್ರೇ, ಭಾರತೀಯ ಮಾನವಶಾಸ್ತ್ರ ಸರ್ವೇಕ್ಷಣೆಯ ಒಂದು ಕೇಂದ್ರ ಮೈಸೂರಿನಲ್ಲೇ ಇದೆ. ಈ ಸಲದ ಶಾಲಾ ಪ್ರವಾಸದಲ್ಲಿ ಮಕ್ಕಳನ್ನ ಅಲ್ಲಿಗೂ ಕರ್ಕೊಂಡು ಹೋಗಿ.