ನಿಮಗಿದು ಗೊತ್ತೇ? ಕ್ಯಾಮ್‌ಶಾಫ್ಟ್ ಬೋಲ್ಟಿಗೆ ಬಲ ಬೇಡ, ಹದ ಬೇಕು

ಸಣ್ಣ ಕಾರಿನ ವೀಲ್ ನಟ್ಟಿಗೆ ಸುಮಾರು 85ರಿಂದ 100 ನ್ಯೂಟನ್ ಮೀಟರ್ ಟಾರ್ಕ್ ಬೇಕು. ಕ್ಯಾಮ್‌ಶಾಫ್ಟನ್ನು ಹೆಡ್ಡಿಗೆ ಹಿಡಿದಿಡುವ ಕ್ಯಾಪ್‌ಗಳ 6 ಮಿ.ಮೀ. ಬೋಲ್ಟಿಗೆ? ಅನೇಕ ಎಂಜಿನ್‌ಗಳಲ್ಲಿ ಬರೀ 10–12! ಜೋರಾಗಿ ಜಗ್ಗಿದಿರೋ, ಅಲ್ಯೂಮಿನಿಯಂ ಹೆಡ್ಡಿನ ಥ್ರೆಡ್ಡೇ ಕಿತ್ತು ಬರುತ್ತದೆ. ಚಕ್ರಕ್ಕೆ ಬಳಸುವ ದೊಡ್ಡ ಟಾರ್ಕ್ ರೆಂಚ್ ಇಲ್ಲಿ ನಂಬಿಕೆಗೆ ಅರ್ಹವಲ್ಲ, ಚಿಕ್ಕದೇ ಬೇಕು. ಒಮ್ಮೆ ಕ್ಲಿಕ್ ಎಂದರೆ ಮುಗಿಯಿತು, 'ಇನ್ನೊಂಚೂರು' ಬೇಡ.

ನಾವು ಹಾಕುವ ಬಲದಲ್ಲಿ ನಿಜವಾದ ಬಿಗಿತಕ್ಕೆ ಸಿಗುವುದು ಹೆಚ್ಚುಕಡಿಮೆ ಹತ್ತರಲ್ಲೊಂದು ಪಾಲು. ಉಳಿದದ್ದೆಲ್ಲ ಬೋಲ್ಟಿನ ತಲೆಯಡಿ ಮತ್ತು ಥ್ರೆಡ್ಡಿನ ತಿಕ್ಕಾಟಕ್ಕೇ ಹೋಗುತ್ತದೆ. ಕಡಲ ಉಪ್ಪುಗಾಳಿಗೆ ತುಕ್ಕು ಹಿಡಿದ ಬೋಲ್ಟಾದರೆ ರೆಂಚ್ ಕ್ಲಿಕ್ ಎಂದರೂ ಒಳಗೆ ಬಿಗಿ ಸಾಲದು. ಹಾಗೆಂದು ಎಣ್ಣೆ ಸುರಿದರೆ ಅದೇ ಕ್ಲಿಕ್ಕಿಗೆ ಬೋಲ್ಟ್ ಅತಿಯಾಗಿ ಎಳೆದುಕೊಳ್ಳುತ್ತದೆ. ಬೋಲ್ಟ್ ಇಳಿಯುವ ತೂತಿನ ತಳದಲ್ಲಿ ಎಣ್ಣೆ ನಿಂತಿದ್ದರಂತೂ ಹೆಡ್ಡೇ ಬಿರಿಯಬಹುದು, ಎಣ್ಣೆಯನ್ನು ಅದುಮಿ ಕುಗ್ಗಿಸಲಾಗದಲ್ಲ! ಥ್ರೆಡ್ ಒಣಗಿರಬೇಕೋ ಎಣ್ಣೆ ಸವರಬೇಕೋ ಎಂಬುದಕ್ಕೆ ಆಯಾ ಎಂಜಿನ್ನಿನ ಮ್ಯಾನ್ಯುಯಲ್ಲೇ ಪ್ರಮಾಣ.

ಕ್ಯಾಪ್‌ಗಳನ್ನು ಹೆಡ್ಡಿಗೆ ಕೂರಿಸಿಯೇ ಶಾಫ್ಟ್ ಕೂರುವ ತೂತು ಕೊರೆದಿರುತ್ತಾರೆ. ಒಂದರ ಜಾಗಕ್ಕೆ ಇನ್ನೊಂದು ಹೊಂದದು. ಮೇಲಿನ ನಂಬರು, ಬಾಣದ ಗುರುತು ಅದಕ್ಕೇ.

ಕೆಳಗಿಂದ ವಾಲ್ವ್ ಸ್ಪ್ರಿಂಗ್‌ಗಳು ಕ್ಯಾಮ್‌ಶಾಫ್ಟನ್ನು ಮೇಲಕ್ಕೆ ದೂಡುತ್ತಿರುತ್ತವೆ. ಒಂದು ತುದಿಯ ಬೋಲ್ಟನ್ನೇ ಪೂರ್ತಿ ಬಿಗಿದರೆ ಶಾಫ್ಟ್ ಓರೆಯಾಗುತ್ತದೆ. ಎರಕದ ಕಬ್ಬಿಣದ್ದಾದರೆ ಬಾಗುವ ಬದಲು ಮುರಿದೇ ಹೋಗಬಹುದು. ಆದ್ದರಿಂದ ಸಾಮಾನ್ಯವಾಗಿ ನಡುವಿನಿಂದ ಹೊರಕ್ಕೆ, ಎರಡು-ಮೂರು ಸುತ್ತಿನಲ್ಲಿ ಸ್ವಲ್ಪಸ್ವಲ್ಪವೇ ಬಿಗಿಯುವುದು. ಬಿಚ್ಚುವಾಗ ತುದಿಗಳಿಂದ ಒಳಕ್ಕೆ.

ಹಳೇ ಅಂಬಾಸಿಡರ್‌ನವರಿಗೆ ಈ ತಲೆನೋವಿರಲಿಲ್ಲ! ಅದರ ಬಿಎಂಸಿ ಎಂಜಿನ್‌ನಲ್ಲಿ ಕ್ಯಾಮ್‌ಶಾಫ್ಟ್ ಇದ್ದದ್ದು ಹೆಡ್ಡಿನಲ್ಲಲ್ಲ, ಕೆಳಗೆ ಬ್ಲಾಕಿನೊಳಗೆ. ಅಂದಹಾಗೆ ಕ್ಯಾಮ್‌ಶಾಫ್ಟ್ ಕಾರಿಗಿಂತ ಎಷ್ಟೋ ಹಳೆಯದು. ಎಂಜಿನಿಯರ್ ಅಲ್ ಜಝರಿ 1206ರಲ್ಲೇ ತನ್ನ ಯಂತ್ರಗಳಲ್ಲಿ ಅದನ್ನು ಬಳಸಿದ್ದ.

ಕ್ಯಾಮ್ ಸ್ಪ್ರಾಕೆಟ್ಟಿನ ಬೋಲ್ಟ್ ಬಿಗಿಯುವಾಗ ಟೈಮಿಂಗ್ ಚೈನ್ ಅಥವಾ ಬೆಲ್ಟಿನ ಮೇಲೆ ಭಾರ ಹಾಕಬಾರದು. ಸ್ಪ್ಯಾನರ್ ಕೂರಲೆಂದೇ ಅನೇಕ ಶಾಫ್ಟ್‌ಗಳಲ್ಲಿ ಆರುಮೂಲೆಯ ಜಾಗವಿರುತ್ತದೆ, ಅಲ್ಲಿ ಹಿಡಿಯಿರಿ.

ಕ್ರ್ಯಾಂಕ್ ಎರಡು ಸುತ್ತು ಸುತ್ತಿದರೆ ಕ್ಯಾಮ್ ಒಂದೇ ಸುತ್ತು. ಹಾಗಾಗಿ ಟೈಮಿಂಗ್ ಕೂರಿಸಿದ ಮೇಲೆ ಬ್ಯಾಟರಿ ತಂತಿ, ಪ್ಲಗ್‌ಗಳನ್ನು ಕಳಚಿಯೇ ಇಟ್ಟು, ಕ್ರ್ಯಾಂಕ್ ಪುಲ್ಲಿಯನ್ನು ಕೈಯಿಂದ ಎರಡು ಪೂರ್ತಿ ಸುತ್ತು ತಿರುಗಿಸಿ ನೋಡಬೇಕು. ನಡುವೆ ಗಟ್ಟಿಯಾಗಿ ತಡೆಯಿತೇ? ಅಲ್ಲೇ ನಿಲ್ಲಿಸಿ: ವಾಲ್ವ್ ಪಿಸ್ಟನ್ನಿಗೆ ಬಡಿಯುತ್ತಿರಬಹುದು.